ಬಿಸಿಲು ಹೆಚ್ಚಾದಷ್ಟೂ ಗಿಡಕ್ಕೆ ಒಳ್ಳೆಯದೇ?

ನರ್ಸರಿಯ ನೆರಳಿನಲ್ಲಿ ಬೆಳೆದ ಗಿಡವನ್ನು ತಂದು ನೇರವಾಗಿ ತಾರಸಿಯ ಬಿಸಿಲಿಗೆ ಇಟ್ಟರೆ ಕೆಲವೇ ದಿನಗಳಲ್ಲಿ ಎಲೆ ಬಿಳಚಿಕೊಳ್ಳುವುದುಂಟು. ನೀರು ಸಾಲಲಿಲ್ಲ ಎಂದುಕೊಂಡು ನಾವು ಇನ್ನೊಂದು ಚೊಂಬು ಸುರಿಯುತ್ತೇವೆ. ಆದರೆ ಮಣ್ಣು ಒದ್ದೆಯಾಗಿದ್ದರೂ ಹೀಗಾಗುತ್ತದೆ. ಇಲ್ಲಿ ತೊಂದರೆ ಬೆಳಕಿನದೇ.

ದ್ಯುತಿಸಂಶ್ಲೇಷಣೆಗೆ ಬೆಳಕು ಬೇಕು ಎಂದು ಶಾಲೆಯಲ್ಲಿ ಓದಿದ್ದೇವೆ. ಎಷ್ಟು ಬೇಕು ಎಂದು ಓದಿದ ನೆನಪಿಲ್ಲ. ಬಹುತೇಕ ಗಿಡಗಳ ಎಲೆ ನಡುಮಧ್ಯಾಹ್ನದ ಬಿಸಿಲನ್ನು ಪೂರ್ತಿ ಬಳಸಿಕೊಳ್ಳಲಾರದು. ಆದರೂ ಪತ್ರಹರಿತ್ತು ಬೆಳಕನ್ನು ಹೀರುತ್ತಲೇ ಇರುತ್ತದೆ. ಹೀಗೆ ಉಳಿದ ಶಕ್ತಿಯಿಂದ ಆಕ್ಸಿಜನ್ನಿನ ಅತಿ ಚುರುಕಾದ, ಹಾನಿಕಾರಕ ರೂಪಗಳು ಹುಟ್ಟುತ್ತವೆ. ಹೆಚ್ಚು ಪೆಟ್ಟು ಬೀಳುವುದು ನೀರನ್ನು ಒಡೆಯುವ 'ಫೋಟೋಸಿಸ್ಟಮ್ 2' ವ್ಯವಸ್ಥೆಯ ನಡುವೆ ಇರುವ ಡಿ1 ಎಂಬ ಪ್ರೋಟೀನಿಗೆ.

ಗಿಡ ಇದನ್ನು ರಿಪೇರಿ ಮಾಡಿಕೊಳ್ಳುತ್ತದೆ. ಕೆಟ್ಟ ಡಿ1 ಅನ್ನು ಕತ್ತರಿಸಿ ತೆಗೆದು, ಹೊಸದನ್ನು ತಯಾರಿಸಿ ಅದೇ ಜಾಗದಲ್ಲಿ ಕೂರಿಸುತ್ತದೆ. ಉಳಿದ ಭಾಗಗಳು ಹಾಗೆಯೇ ಮರುಬಳಕೆಯಾಗುತ್ತವೆ, ಪಂಕ್ಚರ್ ಆದ ಸೈಕಲ್ಲಿಗೆ ಟ್ಯೂಬ್ ಮಾತ್ರ ಬದಲಿಸಿದ ಹಾಗೆ.

ನಮಗೆ ಅಚ್ಚರಿ ತಂದ ಸಂಗತಿ ಇನ್ನೊಂದಿದೆ. ಎಲೆಗೆ ಲಿಂಕೊಮೈಸಿನ್ ಎಂಬ ಆಂಟಿಬಯೋಟಿಕ್ ಕೊಟ್ಟು ಈ ರಿಪೇರಿಯನ್ನು ನಿಲ್ಲಿಸಿದರೆ, ಮಂದ ಬೆಳಕಿನಲ್ಲೂ ಹಾನಿ ಕಾಣಿಸುತ್ತದೆ. ಬೆಳಕು ಎರಡು ಪಟ್ಟಾದರೆ ಹಾನಿಯ ವೇಗವೂ ಸುಮಾರು ಎರಡು ಪಟ್ಟು. ಅಂದರೆ ಡಿ1 ಯಾವ ಬೆಳಕಿನಲ್ಲೂ ಕೆಡುತ್ತಲೇ ಇರುತ್ತದೆ. ರಿಪೇರಿಗಿಂತ ಹಾನಿ ಮುಂದೆ ಓಡಿದಾಗ ಮಾತ್ರ ಗಿಡ ಸೋಲುತ್ತದೆ. ಚಳಿ, ವಿಪರೀತ ಸೆಕೆ, ಉಪ್ಪುನೀರು ರಿಪೇರಿಯನ್ನು ನಿಧಾನಗೊಳಿಸುವುದರಿಂದ, ಆಗ ಎಂದಿನ ಬಿಸಿಲೇ ಹೆಚ್ಚಾಗಬಹುದು.

ಎಲೆ ಬಿಳಚುವುದು ಕೊನೆಯ ಹಂತ. ಅದಕ್ಕೂ ಮೊದಲೇ, ಹಸಿರಾಗಿ ಕಾಣುವಾಗಲೇ, ಎಲೆಯ ಕೆಲಸ ಕುಂದಿರುತ್ತದೆ. ಇದನ್ನು ಪತ್ರಹರಿತ್ತು ಹೊರಸೂಸುವ ಮಸುಕಾದ ಕೆಂಪು ಬೆಳಕಿನಿಂದ ಅಳೆಯುತ್ತಾರೆ: ಕತ್ತಲಲ್ಲಿಟ್ಟ ಆರೋಗ್ಯವಂತ ಎಲೆಯಲ್ಲಿ ಈ ಅಳತೆ ಸುಮಾರು 0.83, ಪೆಟ್ಟು ತಿಂದ ಎಲೆಯಲ್ಲಿ ಅದಕ್ಕಿಂತ ಕಡಿಮೆ.

ಹೆಚ್ಚಾದ ಶಕ್ತಿಯನ್ನು ಶಾಖವಾಗಿ ಹೊರಹಾಕುವ ಏರ್ಪಾಡೂ ಗಿಡದಲ್ಲಿದೆ. ಆದರೆ ಮೋಡ ಕವಿದ ಮೇಲೂ ಅದು ತಕ್ಷಣ ನಿಲ್ಲುವುದಿಲ್ಲ. ಬೇಕಾದ ಬೆಳಕೂ ವ್ಯರ್ಥವಾಗುತ್ತದೆ. 2016ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಇದು ಬೇಗ ನಿಲ್ಲುವಂತೆ ಜೀನ್ ಬದಲಿಸಿದ ತಂಬಾಕು ಗಿಡಗಳು ಹೊಲದಲ್ಲಿ ಸುಮಾರು ಶೇ 15ರಷ್ಟು ಹೆಚ್ಚು ಬೆಳೆದವು.

ಇಥಿಯೋಪಿಯಾದ ಕಾಡಿನ ನೆರಳಿನಿಂದ ಬಂದ ಅರೇಬಿಕಾ ಕಾಫಿಯನ್ನು ಕೊಡಗು, ಚಿಕ್ಕಮಗಳೂರಿನಲ್ಲಿ ಮರಗಳ ಕೆಳಗೆ ಬೆಳೆಯುವುದಕ್ಕೆ ಇದೂ ಒಂದು ಕಾರಣ. ಮನೆಯಲ್ಲಾದರೆ ಹೊಸ ಗಿಡಕ್ಕೆ ಮೊದಲು ಬೆಳಗಿನ ಬಿಸಿಲಷ್ಟೇ ಸಾಕು. ಒಂದೆರಡು ವಾರಗಳಲ್ಲಿ ನಿಧಾನವಾಗಿ ಹೆಚ್ಚಿಸಿ. ಪೂರ್ತಿ ಬಿಳಚಿದ ಎಲೆ ಮತ್ತೆ ಹಸಿರಾಗದೇ ಇರಬಹುದು. ಗಿಡ ಕಿತ್ತೆಸೆಯುವ ಮೊದಲು ಹೊಸ ಚಿಗುರು ಬರುತ್ತದೆಯೇ ನೋಡಿ.