ತಾಯ್ನುಡಿಯ ಒರೆಗಲ್ಲು

ಆಫ್ರಿಕದ ಇಂದಿನ ಘಾನಾ ದೇಶದ ಕುಮಾಸಿಯಲ್ಲಿ 1931ರಲ್ಲಿ ಜನಿಸಿದ ಕ್ವಾಸಿ ವಿರೆಡು ಅವರು ಆಕ್ಸ್‌ಫರ್ಡಿನಲ್ಲಿ ತತ್ತ್ವಶಾಸ್ತ್ರದ ವ್ಯಾಸಂಗ ಮಾಡಿ, ಸ್ವದೇಶದ ವಿಶ್ವವಿದ್ಯಾನಿಲಯದಲ್ಲಿ ದೀರ್ಘಕಾಲ ಬೋಧಿಸಿದರು. ಪರಭಾಷೆಯಲ್ಲಿ ಕಲಿತ ತತ್ತ್ವವನ್ನು ತಾಯ್ನುಡಿಯ ಒರೆಗಲ್ಲಿಗೆ ಹಚ್ಚಿ ನೋಡಬೇಕೆಂಬುದು ಅವರ ಮತ. ಆಲೋಚಿಸುವ ‘ನಾನು’ ಯಾವ ಎಡೆಯನ್ನೂ ಆಶ್ರಯಿಸದೆ ಇರಬಲ್ಲುದೆಂದು ಫ್ರಾನ್ಸಿನ ದೆಕಾರ್ತ್ ವಾದಿಸಿದ್ದನು. ವಿರೆಡು ಅವರ ಅಕಾನ್ ಭಾಷೆಯಲ್ಲಾದರೋ ‘ಇರುವುದು’ ಎಂದರೆ ಒಂದೆಡೆ ಇರುವುದೆಂದೇ ಅರ್ಥ. ಎಡೆಯಿಲ್ಲದ ಇರವು ಆ ನುಡಿಗೆ ನಿಲುಕದು.

ಹಾಗೆಂದು ಅವರು ಪರಂಪರೆಯನ್ನು ಕುರುಡಾಗಿ ಪೂಜಿಸಲಿಲ್ಲ. ಹಿರಿಯರ ಮಾತೆಂಬ ಮಾತ್ರಕ್ಕೆ ತಲೆಬಾಗುವುದನ್ನು 1980ರ ತಮ್ಮ ಗ್ರಂಥದಲ್ಲಿ ಖಂಡಿಸಿದರು. 2022ರಲ್ಲಿ ಕಾಲವಾದರು.

ಶರಣರು 12ನೆಯ ಶತಮಾನದಲ್ಲಿಯೇ ಅನುಭಾವವನ್ನು ಕನ್ನಡದಲ್ಲಿ ನುಡಿದರು. ಅವರ ನಾಡಿನವರಾದ ನಾವು ಇಂದು ಯಾವ ನುಡಿಯಲ್ಲಿ ವಿಚಾರ ಮಾಡುತ್ತಿದ್ದೇವೆ?