ಗಂಜಿಯ ತಿಳಿ ಮತ್ತು ವಿಸೂಚಿಕೆಯ ಚಿಕಿತ್ಸೆ

ಅಣಬೆಯ ಸಾರ, ಇಸಬಗೋಲಿನ ಹೊಟ್ಟು, ಮೆಂತ್ಯದ ಅಂಟು ಮುಂತಾದವುಗಳ ಆರೋಗ್ಯಗುಣಗಳನ್ನು ಕುರಿತು ಈಚೆಗೆ ಬಹಳ ಮಾತು ಕೇಳಿಬರುತ್ತಿದೆ. ರಸಾಯನಶಾಸ್ತ್ರಜ್ಞರು ಪಾಲಿಸ್ಯಾಕರೈಡ್ ಎಂದು ಕರೆಯುವ ಒಂದೇ ಕುಲಕ್ಕೆ ಈ ದ್ರವ್ಯಗಳೆಲ್ಲ ಸೇರಿವೆ. ಸಕ್ಕರೆಯ ಸಣ್ಣ ಕಣಗಳು ನೂರಾರು, ಸಾವಿರಾರು ಸಂಖ್ಯೆಯಲ್ಲಿ ಸರಪಳಿಯಂತೆ ಹೆಣೆದುಕೊಂಡಾಗ ಉಂಟಾಗುವ ಈ ಪದಾರ್ಥವನ್ನು ಕನ್ನಡದಲ್ಲಿ ಬಹುಶರ್ಕರವೆನ್ನುವುದುಂಟು. ಈ ಕುಲದಲ್ಲಿ ನಮಗೆ ಅತ್ಯಂತ ಪರಿಚಿತವಾದದ್ದು ದಿನವೂ ನಮ್ಮ ಒಲೆಯ ಮೇಲೆ ಕುದಿಯುವ ಅಕ್ಕಿ ಜೋಳಗಳ ಪಿಷ್ಟ. ಶೀಸೆಗಳಲ್ಲಿ ಮಾರಾಟವಾಗುವ ಎಷ್ಟೋ ಸಾರಗಳ ಮಹಿಮೆ ಇನ್ನೂ ಜಾಹೀರಾತಿನ ಹಂತವನ್ನು ದಾಟಿಲ್ಲ. ಗಂಜಿಯ ಪಿಷ್ಟವಾದರೋ ಮೃತ್ಯುಮುಖದಲ್ಲಿದ್ದ ರೋಗಿಗಳ ಮೇಲೆ ಅಳೆದು ತೂಗಿ ಪರೀಕ್ಷಿಸಲ್ಪಟ್ಟು ಉತ್ತೀರ್ಣವಾಗಿದೆ. ಆ ಪರೀಕ್ಷೆಗೆ ಬರುವ ಮೊದಲು ವೈದ್ಯಲೋಕವು ಒಂದೂವರೆ ಶತಮಾನ ಸುತ್ತುದಾರಿಯಲ್ಲಿ ನಡೆಯಬೇಕಾಯಿತು.

ಹೊಟ್ಟೆ ಕೆಟ್ಟವನಿಗೆ ಗಂಜಿ ಕೊಡಬೇಕೆಂಬುದು ನಮ್ಮ ದೇಶದಲ್ಲಿ ಹೊಸ ಮಾತಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ಎರಡನೆಯ ಅಧ್ಯಾಯದಲ್ಲಿ 28 ಬಗೆಯ ಯವಾಗುಗಳು ಹೇಳಲ್ಪಟ್ಟಿವೆ. ಅತಿಸಾರಕ್ಕೆಂದೇ ದಾಳಿಂಬೆಯ ಹುಳಿ ಬೆರೆಸಿದ ಪೇಯವೂ ಅಲ್ಲಿದೆ. ಅನ್ನದ ತಿಳಿ ಮಂಡ, ಅದಕ್ಕಿಂತ ತುಸು ಗಟ್ಟಿಯಾದುದು ಪೇಯ, ಇನ್ನೂ ಗಟ್ಟಿಯಾದುದು ವಿಲೇಪಿ ಎಂದು ಆಯುರ್ವೇದದಲ್ಲಿ ತರತಮಗಳುಂಟು. ಅಕ್ಕಿ ಅಪರೂಪವಾಗಿದ್ದ ನಮ್ಮ ಬಯಲುಸೀಮೆಯಲ್ಲಿ ಜೋಳದ ಅಂಬಲಿಯೇ ಆ ಸ್ಥಾನವನ್ನು ಪಡೆದಿತ್ತು. ಮಠದ ಪ್ರಸಾದನಿಲಯದಲ್ಲಿ ಓದಿ ಬೆಳೆದವರಿಗೆ ಜ್ವರ ಬಂದಾಗಲೂ ಹೊಟ್ಟೆ ಕೆಟ್ಟಾಗಲೂ ಅಡುಗೆಮನೆಯಿಂದ ಏನು ಬರುತ್ತಿತ್ತೆಂಬುದನ್ನು ನೆನಪಿಸಬೇಕಾಗಿಲ್ಲ. ಆದರೆ ರೂಢಿಯಲ್ಲಿರುವುದು ಬೇರೆ, ಅದು ಎಷ್ಟರಮಟ್ಟಿಗೆ ಪ್ರಾಣ ಉಳಿಸುತ್ತದೆಂದು ತಿಳಿಯುವುದು ಬೇರೆ. ಎರಡನೆಯದಕ್ಕೆ ಒರೆಗಲ್ಲಾದದ್ದು ವಿಸೂಚಿಕೆ, ಎಂದರೆ ಕಾಲರಾ.

1817ರಲ್ಲಿ ಬಂಗಾಳದ ಜೆಸ್ಸೋರ್ ಪ್ರಾಂತದಲ್ಲಿ ಭುಗಿಲೆದ್ದ ಈ ರೋಗ ಕೆಲವೇ ವರ್ಷಗಳಲ್ಲಿ ಏಷ್ಯಾಖಂಡದ ಬಹುಭಾಗವನ್ನು ವ್ಯಾಪಿಸಿ, 1831ರ ವೇಳೆಗೆ ಇಂಗ್ಲೆಂಡನ್ನು ಮುಟ್ಟಿತು. ಉಗ್ರವಾಗಿ ಪೀಡಿತನಾದ ವಯಸ್ಕನು ಒಂದು ತಾಸಿನಲ್ಲಿ ಒಂದು ಲೀಟರಿನವರೆಗೂ ನೀರನ್ನು ಕಳೆದುಕೊಂಡು, ಬೆಳಿಗ್ಗೆ ನೆಟ್ಟಗಿದ್ದವನು ಸಂಜೆಗೆ ಶವವಾಗುವ ರೋಗವಿದು. ರೋಗಿಯ ರಕ್ತ ನೀರನ್ನೂ ಲವಣವನ್ನೂ ಕಳೆದುಕೊಂಡು ಗಟ್ಟಿಯಾಗಿರುತ್ತದೆಂದು ಓಶಾನೆಸಿ ಎಂಬ ತರುಣ ವೈದ್ಯ ಆಗಲೇ ತೋರಿಸಿಕೊಟ್ಟ. ಮರುವರ್ಷ ಸ್ಕಾಟ್ಲೆಂಡಿನ ಥಾಮಸ್ ಲಟ್ಟಾ ಉಪ್ಪುನೀರನ್ನು ನೇರವಾಗಿ ರಕ್ತನಾಳಕ್ಕೆ ಹರಿಸಿ ಕೆಲವರನ್ನು ಬದುಕಿಸಿದ. ಆದರೂ ವೈದ್ಯರಲ್ಲಿ ಬಹುಜನರು ರಕ್ತ ತೆಗೆಯುವುದನ್ನೂ ಪಾದರಸದ ಔಷಧ ಕೊಡುವುದನ್ನೂ ಬಿಡಲಿಲ್ಲ. ಬಾಯಾರಿ ಕೂಗುತ್ತಿದ್ದ ರೋಗಿಗೆ ನೀರು ಕೊಡಬಾರದೆಂದು ವಿಧಿಸಿದವರೂ ಇದ್ದರು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಕಲ್ಕತ್ತೆಯ ಲಿಯೊನಾರ್ಡ್ ರೋಜರ್ಸ್ ಗಾಢವಾದ ಉಪ್ಪುನೀರನ್ನು ರಕ್ತನಾಳದ ಮೂಲಕ ಕೊಟ್ಟು, ನೂರಕ್ಕೆ 60ರಷ್ಟಿದ್ದ ಮರಣವನ್ನು 30ರಷ್ಟಕ್ಕೆ ಇಳಿಸಿದರು. ಸೂಜಿ, ಶೀಸೆ, ಆಸ್ಪತ್ರೆ, ವೈದ್ಯ ಇಷ್ಟೂ ಇದ್ದಲ್ಲಿ ಮಾತ್ರ ಸಾಧ್ಯವಾದ ಚಿಕಿತ್ಸೆಯದು. ಹಳ್ಳಿಯವನಿಗೆ ಅದು ದೂರದ ಮಾತು.

ಬಾಯಿಯ ಮೂಲಕ ಏನನ್ನೂ ಕೊಡದಿರುವುದಕ್ಕೆ ಒಂದು ಸಿದ್ಧಾಂತದ ಬೆಂಬಲವೂ ಇತ್ತು. ಕಾಲರಾದಲ್ಲಿ ಕರುಳಿನ ಒಳಪೊರೆ ಕಿತ್ತುಹೋಗುತ್ತದೆ, ಹೀಗಾಗಿ ಕುಡಿದದ್ದು ಹೀರಲ್ಪಡಲಾರದು, ಕರುಳಿಗೆ ವಿಶ್ರಾಂತಿ ಕೊಡಬೇಕು ಎಂಬುದೇ ಆ ಸಿದ್ಧಾಂತ. ಅದು ಕುಸಿದದ್ದು 1959–60ರ ಸುಮಾರಿಗೆ. ಕಲ್ಕತ್ತೆಯ ಶಂಭುನಾಥ ಡೇ ಅವರು 1959ರಲ್ಲಿ ರೋಗಾಣು ಉತ್ಪಾದಿಸುವ ವಿಷವೇ ಕರುಳಿನಿಂದ ನೀರನ್ನು ಸುರಿಸುತ್ತದೆಂದು ಮೊಲಗಳಲ್ಲಿ ತೋರಿಸಿದರು. ಬ್ಯಾಂಕಾಕಿನಲ್ಲಿ ರೋಗಿಗಳ ಕರುಳಿನ ತುಣುಕುಗಳನ್ನು ಪರೀಕ್ಷಿಸಿದಾಗ ಒಳಪೊರೆ ಅಖಂಡವಾಗಿರುವುದು ಕಂಡಿತು. 1960ರಲ್ಲಿ ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ ಪ್ರಾಗ್ ನಗರದ ಗೋಷ್ಠಿಯಲ್ಲಿ, ಸಣ್ಣ ಕರುಳು ಗ್ಲುಕೋಸನ್ನು ಹೀರುವಾಗ ಉಪ್ಪಿನ ಸೋಡಿಯಮ್ಮನ್ನೂ ಜೊತೆಗೇ ಒಳಗೆಳೆದುಕೊಳ್ಳುತ್ತದೆಂದು ಪ್ರತಿಪಾದಿಸಿದ. ಉಪ್ಪು ಹೋದಲ್ಲಿಗೆ ನೀರೂ ಹೋಗುತ್ತದೆ. ಬರಿಯ ನೀರಾಗಲಿ ಬರಿಯ ಉಪ್ಪುನೀರಾಗಲಿ ನಿಲ್ಲದ ಕರುಳಿನಲ್ಲಿ ಸಕ್ಕರೆ ಸೇರಿದ ಉಪ್ಪುನೀರು ನಿಲ್ಲುವುದರ ಗುಟ್ಟು ಇಷ್ಟೇ.

ವಿಷಾದದ ಸಂಗತಿಯೆಂದರೆ, ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ ಎಂಬ ವೈದ್ಯರು 186 ಮಂದಿ ಕಾಲರಾ ರೋಗಿಗಳಿಗೆ ಉಪ್ಪು ಗ್ಲುಕೋಸುಗಳ ನೀರನ್ನು ಕುಡಿಸಿ ಗುಣಪಡಿಸಿದ ವರದಿಯನ್ನು 1953ರಲ್ಲೇ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಅದನ್ನು ಯಾರೂ ಗಂಭೀರವಾಗಿ ಪರಿಗಣಿಸಲಿಲ್ಲ. ಅವರ ರೋಗಿಗಳು ತೀರ ಉಗ್ರಸ್ಥಿತಿಯಲ್ಲಿದ್ದವರಲ್ಲ, ಒಳಹೋದ ನೀರಿಗೂ ಹೊರಬಂದ ನೀರಿಗೂ ಅವರು ಲೆಕ್ಕವಿಟ್ಟಿರಲಿಲ್ಲ ಎಂಬುದು ನಿಜ. ಆದರೂ ಹದಿನೈದು ವರ್ಷಗಳು ವ್ಯರ್ಥವಾದವೆಂಬುದೇ ಈ ಲೇಖಕನ ಅಭಿಪ್ರಾಯ. 1968ರಲ್ಲಿ ಢಾಕಾದ ಕಾಲರಾ ಸಂಶೋಧನಾಲಯದಲ್ಲಿ ಡೇವಿಡ್ ನೇಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ಇಬ್ಬರು ತರುಣರು ಆ ಲೆಕ್ಕವನ್ನು ಕಟ್ಟುನಿಟ್ಟಾಗಿ ಇಟ್ಟು, ಎಷ್ಟು ಹೊರಹೋಗುತ್ತದೆಯೋ ಅಷ್ಟನ್ನೇ ಕುಡಿಸುವ ಕ್ರಮವನ್ನು ಸ್ಥಾಪಿಸಿದರು.

ಇದರ ಅಗ್ನಿಪರೀಕ್ಷೆ ನಡೆದದ್ದು 1971ರಲ್ಲಿ. ಪೂರ್ವ ಬಂಗಾಳದ ಯುದ್ಧದಿಂದ ಸುಮಾರು ಒಂದು ಕೋಟಿ ನಿರಾಶ್ರಿತರು ಭಾರತಕ್ಕೆ ಬಂದಾಗ ಗಡಿಯ ಶಿಬಿರಗಳಲ್ಲಿ ಕಾಲರಾ ಹಬ್ಬಿತು. ಬನಗಾಂವ್ ಆಸ್ಪತ್ರೆಗೆ ಹೋದ ಡಾ. ದಿಲೀಪ್ ಮಹಾಲನಬಿಸ್ ಅವರು ನೆಲದ ಮೇಲೆ ಮಲಮೂತ್ರ ವಾಂತಿಗಳ ನಡುವೆ ಬಿದ್ದಿದ್ದ ರೋಗಿಗಳ ಪಕ್ಕದಲ್ಲಿ ಮೊಣಕಾಲೂರಿ ಚಿಕಿತ್ಸೆ ಮಾಡಬೇಕಾಯಿತು. ರಕ್ತನಾಳಕ್ಕೆ ಹರಿಸುವ ಉಪ್ಪುನೀರಿನ ದಾಸ್ತಾನು ಮುಗಿಯುತ್ತ ಬಂದಿತ್ತು. ಆಗ ಅವರು ಕಲ್ಕತ್ತೆಯ ತಮ್ಮ ಸಂಸ್ಥೆಯ ಗ್ರಂಥಾಲಯದ ಕೋಣೆಯಲ್ಲಿ ಲೀಟರಿಗೆ 22 ಗ್ರಾಂ ಗ್ಲುಕೋಸ್, 3.5 ಗ್ರಾಂ ಅಡಿಗೆಯ ಉಪ್ಪು, 2.5 ಗ್ರಾಂ ಸೋಡಾ ಪ್ರಮಾಣದಲ್ಲಿ ಪುಡಿಯನ್ನು ತೂಗಿ ಚೀಲಗಳಲ್ಲಿ ತುಂಬಿಸಿ ಶಿಬಿರಕ್ಕೆ ಸಾಗಿಸಿದರು. ಅಲ್ಲಿ ಅದನ್ನು ನಲ್ಲಿಯಿದ್ದ ಪೀಪಾಯಿಗಳಲ್ಲಿ ಕರಗಿಸಿ ರೋಗಿಗಳ ತಾಯಿ, ಅಕ್ಕ, ಅಣ್ಣಂದಿರ ಕೈಗೇ ಲೋಟ ಕೊಟ್ಟರು. ಸಲೈನ್ ಎಂದರೆ ಮಾತ್ರ ಔಷಧವೆಂದು ಜನ ನಂಬಿದ್ದರಿಂದ ಇದನ್ನೂ ಬಾಯಿಯ ಸಲೈನ್ ಎಂದೇ ಕರೆದರು. ಮೂರು ಸಾವಿರಕ್ಕೂ ಮಿಕ್ಕ ರೋಗಿಗಳಲ್ಲಿ ಮರಣದ ಪ್ರಮಾಣ ನೂರಕ್ಕೆ 3.6ಕ್ಕೆ ಇಳಿಯಿತು. ಲೀಟರಿಗೆ ತಗುಲಿದ ವೆಚ್ಚ 11 ಪೈಸೆ. ಮಹಾಲನಬಿಸ್ ಅವರು 2022ರಲ್ಲಿ ತೀರಿಕೊಂಡ ಮೇಲೆ, 2023ರಲ್ಲಿ, ಅವರಿಗೆ ಪದ್ಮವಿಭೂಷಣ ಬಂದಿತು.

ಈ ಗ್ಲುಕೋಸ್ ನೀರು ಪ್ರಾಣವನ್ನು ಉಳಿಸಿತೇ ಹೊರತು ಭೇದಿಯನ್ನು ಕಡಿಮೆ ಮಾಡಲಿಲ್ಲ. ಮಗು ಬದುಕಿದ್ದರೂ ಭೇದಿ ನಿಲ್ಲದ್ದನ್ನು ಕಂಡು ತಾಯಂದಿರು ಅದರಲ್ಲಿ ನಂಬಿಕೆ ಕಳೆದುಕೊಳ್ಳುತ್ತಿದ್ದರು. ಗ್ಲುಕೋಸನ್ನು ಇನ್ನಷ್ಟು ಹೆಚ್ಚಿಸೋಣವೆಂದರೆ ಮತ್ತೊಂದು ತೊಡಕು. ಕಣಗಳ ಸಂಖ್ಯೆ ಎಲ್ಲಿ ಹೆಚ್ಚಿರುತ್ತದೆಯೋ ನೀರು ಅತ್ತ ಹರಿಯುವುದು ಪ್ರಕೃತಿನಿಯಮ. ಕರುಳಿನೊಳಗೆ ಗ್ಲುಕೋಸಿನ ಕಣಗಳು ತುಂಬಿದರೆ ಅವು ಶರೀರದ ನೀರನ್ನೇ ಹೊರಗೆಳೆದು ಭೇದಿಯನ್ನು ಹೆಚ್ಚಿಸುತ್ತವೆ. ಬಹುಶರ್ಕರವು ಪ್ರಯೋಜನಕ್ಕೆ ಬರುವುದು ಇಲ್ಲಿಯೇ. ಪಿಷ್ಟದ ಒಂದು ಸರಪಳಿಯಲ್ಲಿ ಸಾವಿರಾರು ಗ್ಲುಕೋಸ್ ಕೊಂಡಿಗಳಿದ್ದರೂ ನೀರನ್ನು ಸೆಳೆಯುವ ಲೆಕ್ಕದಲ್ಲಿ ಅದು ಒಂದೇ ಕಣ. ಕರುಳಿನ ಕಿಣ್ವಗಳು ಆ ಸರಪಳಿಯನ್ನು ತುಂಡರಿಸುತ್ತ ಹೋದಂತೆ ಬಿಡುಗಡೆಯಾದ ಗ್ಲುಕೋಸ್ ಪೊರೆಯ ಬಳಿಯಲ್ಲೇ ಹೀರಲ್ಪಟ್ಟು ಉಪ್ಪನ್ನೂ ನೀರನ್ನೂ ಒಯ್ಯುತ್ತದೆ. ಹೀಗೆ ಗ್ಲುಕೋಸ್ ಹೆಚ್ಚು ದೊರೆತರೂ ಸೆಳೆತ ಹೆಚ್ಚುವುದಿಲ್ಲ.

1982ರಲ್ಲಿ ಕಲ್ಕತ್ತೆಯಲ್ಲಿ ಮಹಾಲನಬಿಸ್ ಮತ್ತು ಅವರ ಸಂಗಡಿಗರು, ಢಾಕಾದಲ್ಲಿ ಮಜೀದ್ ಮೊಲ್ಲಾ ಮತ್ತು ಅವರ ಸಂಗಡಿಗರು, ಗ್ಲುಕೋಸಿನ ಬದಲು ಬೇಯಿಸಿದ ಅಕ್ಕಿಹಿಟ್ಟಿನ ಉಪ್ಪುಗಂಜಿಯನ್ನು ರೋಗಿಗಳಿಗೆ ಕೊಟ್ಟು ಪಡೆದ ಫಲಿತಾಂಶಗಳನ್ನು ಪ್ರಕಟಿಸಿದರು. ಮುಂದೆ ಅನೇಕ ಕಡೆ ಪ್ರಯೋಗಗಳಾದವು. 1992ರಲ್ಲಿ ಅಂಥ 13 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದಾಗ, ಕಾಲರಾ ಹಿಡಿದ ವಯಸ್ಕರಲ್ಲಿ ಮೊದಲ 24 ತಾಸಿನ ಭೇದಿಯ ಪ್ರಮಾಣ ಗ್ಲುಕೋಸ್ ನೀರು ಕುಡಿದವರಿಗಿಂತ ನೂರಕ್ಕೆ 36ರಷ್ಟು ಕಡಿಮೆಯಿತ್ತು. ಕಾಲರಾ ಹಿಡಿದ ಮಕ್ಕಳಲ್ಲಿ 32ರಷ್ಟು. ಸಾಧಾರಣ ಭೇದಿಯ ಮಕ್ಕಳಲ್ಲಿ ಲಾಭ ಅಲ್ಪವಾಗಿತ್ತು. ಢಾಕಾದವರು ಅಕ್ಕಿಗೇ ನಿಲ್ಲದೆ ಗೋಧಿ, ಮೆಕ್ಕೆಜೋಳ, ಆಲೂಗಡ್ಡೆಗಳೊಡನೆ ನಮ್ಮ ಜೋಳವನ್ನೂ ಪರೀಕ್ಷಿಸಿ, ಅದೂ ಗ್ಲುಕೋಸಿಗಿಂತ ಮೇಲೆಂದು 1989ರಲ್ಲಿ ವರದಿ ಮಾಡಿದರು. ಅಂಬಲಿ ಕುಡಿದು ಬೆಳೆದವರಿಗೆ ಇದು ಸಂತೋಷದ ಸುದ್ದಿಯೇ.

ಆದರೆ ಸಂತೋಷದಲ್ಲಿ ಮರೆಯಬಾರದ ವಿಷಯವೊಂದಿದೆ. ಪರೀಕ್ಷೆಯಲ್ಲಿ ಗೆದ್ದದ್ದು ಬರಿಯ ಗಂಜಿಯಲ್ಲ, ಲೀಟರಿಗೆ 50ರಿಂದ 80 ಗ್ರಾಂ ಅಕ್ಕಿಹಿಟ್ಟಿಗೆ ತೂಗಿ ಹಾಕಿದ ಲವಣಗಳ ಗಂಜಿ. ಉಪ್ಪಿಲ್ಲದ ಗಂಜಿಯಿಂದ ಕಳೆದುಹೋದ ಸೋಡಿಯಮ್ ಮರಳಿ ಬರಲಾರದು. ಕೈಗೆ ಬಂದಷ್ಟು ಉಪ್ಪು ಸುರಿದರೆ ಶಿಶುವಿಗೆ ಅಪಾಯ. ಹಿರಿಯರು ಎಲ್ಲವನ್ನೂ ತಿಳಿದಿದ್ದರೆಂದು ಹೇಳುವವರೂ, ಅವರಿಗೇನೂ ತಿಳಿದಿರಲಿಲ್ಲವೆಂದು ಹೇಳುವವರೂ ಈ ಚಿಟಿಕೆ ಉಪ್ಪಿನ ಬಳಿ ತುಸು ನಿಲ್ಲುವುದು ಒಳ್ಳೆಯದು. ಬಾಂಗ್ಲಾದೇಶದ ಬ್ರಾಕ್ ಸಂಸ್ಥೆಯು 1980ರಿಂದ ಹತ್ತು ವರ್ಷ ಒಂದು ಕೋಟಿಗೂ ಹೆಚ್ಚು ಮನೆಗಳಿಗೆ ಕಾರ್ಯಕರ್ತೆಯರನ್ನು ಕಳಿಸಿ, ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು ಎಂಬ ಅಳತೆಯನ್ನು ತಾಯಂದಿರಿಗೆ ಕಲಿಸಿತು. ಆಮೇಲೆ ಹೋಗಿ ತಾಯಿ ಎಷ್ಟನ್ನು ನೆನಪಿಟ್ಟುಕೊಂಡಿದ್ದಾಳೆಂದು ಪರೀಕ್ಷಿಸಿ, ಅದಕ್ಕೆ ತಕ್ಕಂತೆ ಕಾರ್ಯಕರ್ತೆಗೆ ಸಂಬಳ ಕೊಟ್ಟಿತು.

ಪಿಷ್ಟದ ಕಥೆಗೆ ಇನ್ನೊಂದು ಅಧ್ಯಾಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಸೇರಿತು. ಕೆಲವು ಬಗೆಯ ಪಿಷ್ಟ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಅಲ್ಲಿನ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸಿದಾಗ ಹುಟ್ಟುವ ಆಮ್ಲಗಳು ಉಪ್ಪು ನೀರುಗಳನ್ನು ಹೀರಿಕೊಳ್ಳಲು ದೊಡ್ಡ ಕರುಳನ್ನು ಪ್ರೇರೇಪಿಸುತ್ತವೆ. 48 ಮಂದಿ ಕಾಲರಾ ರೋಗಿಗಳಲ್ಲಿ ಮೆಕ್ಕೆಜೋಳದ ಅಂಥ ಪಿಷ್ಟವನ್ನು ಪರೀಕ್ಷಿಸಿ, ಭೇದಿಯ ಪ್ರಮಾಣವೂ ಕಾಲವೂ ಕಡಿಮೆಯಾದುದನ್ನು ಅಲ್ಲಿನ ವೈದ್ಯರು 2000ದಲ್ಲಿ ಪ್ರಕಟಿಸಿದರು. ಬೇಯಿಸಿ ಆರಿಸಿದ ಅನ್ನದಲ್ಲಿಯೂ ಈ ಬಗೆಯ ಪಿಷ್ಟ ತುಸು ಹೆಚ್ಚುವುದು ನಿಜ. ಹಾಗೆಂದು ಭೇದಿಯಾದವನಿಗೆ ತಂಗಳನ್ನ ಕೊಡಲು ಹೊರಡಬಾರದು. ತೆರೆದಿಟ್ಟ ತಂಗಳನ್ನದಲ್ಲಿ ಕಾಲರಾ ರೋಗಾಣು ಚೆನ್ನಾಗಿ ಬೆಳೆಯುತ್ತದೆ.

ಇಷ್ಟು ಗುಣವಿದ್ದರೂ ಲೋಕದಲ್ಲೆಲ್ಲ ಹರಡಿರುವುದು ಗ್ಲುಕೋಸಿನ ಓ.ಆರ್.ಎಸ್. ಪೊಟ್ಟಣವೇ. ಅಕ್ಕಿಗಂಜಿಗೆ ಸೌದೆ ಬೇಕು, ಹೊತ್ತು ಬೇಕು. ಕಾಯಿಸಿದ ಕೆಲವು ತಾಸುಗಳಲ್ಲೇ ಅದು ಹುಳಿಯುತ್ತದೆ. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಪೊಟ್ಟಣದ ಗ್ಲುಕೋಸನ್ನು 20 ಗ್ರಾಮಿನಿಂದ 13.5 ಗ್ರಾಮಿಗೆ ಇಳಿಸಿ, ಉಪ್ಪನ್ನೂ ತಗ್ಗಿಸಿದ ಮೇಲೆ ಸಾಧಾರಣ ಭೇದಿಯಲ್ಲಿ ಎರಡರ ಅಂತರ ಬಹುಮಟ್ಟಿಗೆ ಕರಗಿತು. ಕಾಲರಾದಲ್ಲಿ ಮಾತ್ರ ಅಕ್ಕಿಯ ಮೇಲುಗೈ ಉಳಿದಿದೆ. ಇಂದು ಮನೆಯಲ್ಲಿ ಮಗುವಿಗೆ ಭೇದಿಯಾದರೆ ಮೊದಲು ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ನೀರಿನಲ್ಲಿ ಕರಗಿಸಿ ಕುಡಿಸುತ್ತ ವೈದ್ಯರನ್ನು ಕಾಣಬೇಕು. ತಾಯಿಹಾಲನ್ನಾಗಲಿ ಉಣಿಸನ್ನಾಗಲಿ ನಿಲ್ಲಿಸುವಂತಿಲ್ಲ. ಆಗತಾನೆ ಬೇಯಿಸಿದ ಮೆತ್ತನೆಯ ಅನ್ನವನ್ನೂ ಗಂಜಿಯನ್ನೂ ಆ ನೀರಿನ ಜೊತೆಗೆ ಕೊಡುತ್ತ ಬರಬೇಕು.