ಕರೆಗಂಟೆಯೋ, ಕಟಕಟೆಯೋ

ಆಪರೇಷನ್ ಆಗಿ ಮಲಗಿದ ಮಗುವಿನ ನೋವನ್ನು ಅಳೆಯಲು ಆಸ್ಪತ್ರೆಗಳಿಗೆ ಇಂದಿಗೂ ಇರುವ ಮುಖ್ಯ ದಾರಿ ಕೇಳುವುದೇ: ಸೊನ್ನೆಯಿಂದ ಹತ್ತರೊಳಗೆ ಎಷ್ಟು? ಕೇಳುವವರು ಬಂದಾಗಷ್ಟೇ ಉತ್ತರ ಸಿಗುತ್ತದೆ. ನಡುವಿನ ಗಂಟೆಗಳ ಲೆಕ್ಕ ಯಾರಲ್ಲೂ ಇಲ್ಲ. ಮಾತು ಬಾರದ ಕೂಸಿನ ಪಾಡು ಇನ್ನೂ ಕಷ್ಟ. ಎಳೆಗೂಸಿಗೆ ನೋವು ಅಷ್ಟಾಗಿ ತಿಳಿಯದೆಂಬ ನಂಬಿಕೆ ವೈದ್ಯರಲ್ಲೇ ಬೇರೂರಿತ್ತು. 1987ರಲ್ಲಿ ಆನಂದ್ ಮತ್ತು ಹಿಕ್ಕಿ ಬರೆದ ಲೇಖನ ಅದನ್ನು ಅಲ್ಲಾಡಿಸಿತು. ಅದೇ ವರ್ಷ ಕೆನಡಾದ ಗ್ರೂನೌ ಮತ್ತು ಕ್ರೇಗ್ ನವಜಾತ ಶಿಶುವಿನ ಮುಖದಲ್ಲಿ ನೋವಿನ ಗುರುತುಗಳನ್ನು ಕ್ರಮವಾಗಿ ದಾಖಲಿಸಿದರು. ಅದಕ್ಕೂ ಮೊದಲೇ, 1978ರಲ್ಲಿ, ಮನಶ್ಶಾಸ್ತ್ರಜ್ಞರಾದ ಎಕ್ಮನ್ ಮತ್ತು ಫ್ರೀಸನ್ ಮುಖದ ಒಂದೊಂದು ಚಲನೆಗೂ ಸಂಖ್ಯೆ ಕೊಟ್ಟಿದ್ದರು: ಹುಬ್ಬು ಗಂಟಿಕ್ಕಿದರೆ 4, ಮೂಗು ಸುಕ್ಕಾದರೆ 9, ಕಣ್ಣು ಮುಚ್ಚಿದರೆ 43. ಆದರೆ ಒಂದು ನಿಮಿಷದ ವಿಡಿಯೋವನ್ನು ಹೀಗೆ ಬಿಡಿಸಿ ಬರೆಯಲು ಪಳಗಿದ ಕಣ್ಣಿಗೂ ಗಂಟೆಗಟ್ಟಲೆ ಬೇಕು. ವಾರ್ಡಿನಲ್ಲಿ ಅದು ಆಗುವ ಮಾತಲ್ಲ.

ಆ ದುಡಿಮೆಯನ್ನು ಕಂಪ್ಯೂಟರಿಗೆ ಒಪ್ಪಿಸುವ ಕೆಲಸ ಗಟ್ಟಿಯಾಗಿ ನಡೆದದ್ದು ಸ್ಯಾನ್ ಡಿಯಾಗೋದಲ್ಲಿ. ಅಲ್ಲಿನ ಸಾಲ್ಕ್ ಸಂಸ್ಥೆಯ ಸೆಜ್ನೋಸ್ಕಿ ಹಾಗೂ ಎಕ್ಮನ್ ಜೊತೆ ಮರಿಯನ್ ಬಾರ್ಟ್ಲೆಟ್ 1999ರಲ್ಲಿ ಮುಖಚಲನೆಯನ್ನು ಕಂಪ್ಯೂಟರಿನಿಂದ ಅಳೆಯುವ ವಿಧಾನ ಪ್ರಕಟಿಸಿದರು. 2015ರಲ್ಲಿ ಕರಣ್ ಸಿಕ್ಕಾ, ಬಾರ್ಟ್ಲೆಟ್, ಕ್ರೇಗ್, ಜೀನಿ ಹ್ವಾಂಗ್ ಮತ್ತಿತರರು ಅದನ್ನು ಮಕ್ಕಳ ಹಾಸಿಗೆಯ ಬಳಿಗೆ ಒಯ್ದರು. ಅಪೆಂಡಿಕ್ಸ್ ತೆಗೆಸಿಕೊಂಡ 5ರಿಂದ 18 ವರ್ಷದ 50 ಮಕ್ಕಳನ್ನು ಸುಮ್ಮನೆ ಮಲಗಿದ್ದಾಗಲೂ ಗಾಯದ ಜಾಗ ಒತ್ತಿದಾಗಲೂ ಚಿತ್ರೀಕರಿಸಿದರು. ನೋವು ಇದೆಯೋ ಇಲ್ಲವೋ ಎಂದು ಬೇರ್ಪಡಿಸುವಲ್ಲಿ ಯಂತ್ರಕ್ಕೆ ದಕ್ಕಿದ್ದು 0.84ರಿಂದ 0.94, ನಾಣ್ಯ ಚಿಮ್ಮಿ ಹೇಳಿದರೆ 0.5, ತಪ್ಪೇ ಇಲ್ಲದಿದ್ದರೆ 1. ನರ್ಸ್‌ಗಳು ಮಕ್ಕಳು ಹೇಳಿದ್ದಕ್ಕಿಂತ ಕಡಿಮೆ ಅಂಕ ಹಾಕುತ್ತಿದ್ದರು. ಗಮನಿಸಬೇಕಾದ್ದು, ಯಂತ್ರ ಸರಿಯೋ ತಪ್ಪೋ ಎಂದು ಒರೆಗೆ ಹಚ್ಚಿದ್ದು ಮಗುವಿನ ಮಾತಿಗೇ. ಯಾವ ಒರೆಗಲ್ಲಿನ ಮೇಲೆ ಯಂತ್ರಕ್ಕೆ ಬೆಲೆ ಬಂತೋ, ಆ ಒರೆಗಲ್ಲನ್ನೇ ಅದು ಸುಳ್ಳೆನ್ನಲಾಗದು.

ಯಂತ್ರ ನೋಡಿದ್ದು ನೋವನ್ನೋ ಕೋಣೆಯನ್ನೋ ಎಂಬ ಆಕ್ಷೇಪ ಹಗುರವಾದುದಲ್ಲ. ನೋವಿನ ವಿಡಿಯೋಗಳು ಹೆಚ್ಚಾಗಿ ಆಸ್ಪತ್ರೆ ಮಂಚದವು. ನೋವಿಲ್ಲದವು ವಾರಗಳ ನಂತರ ತಪಾಸಣೆಗೆ ಬಂದು ಕೂತಾಗಿನವು. ಇದನ್ನು ಕೆದಕಿದವರು ಹೊರಗಿನವರಲ್ಲ, 2018ರಲ್ಲಿ ಅದೇ ಬಳಗದವರೇ: ಜಾಗ ಬದಲಾದರೆ ತಂತ್ರಾಂಶದ ಓದು ಮುಗ್ಗರಿಸುತ್ತದೆ, ಮನುಷ್ಯರು ಗುರುತಿಸಿದ ಚಲನೆಗಳು ಅಷ್ಟು ಕೈಕೊಡುವುದಿಲ್ಲ ಎಂದು ತೋರಿಸಿದರು. ಮುಖವೊಂದೇ ನೋವನ್ನೆಲ್ಲ ಹೇಳದು ಎಂಬ ಇನ್ನೊಂದು ಆಕ್ಷೇಪಕ್ಕೆ ಬಲ ಸಿಗುವುದು ಲಾಸ್ ಏಂಜಲಿಸ್‌ನಿಂದ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಮಕ್ಕಳ ನೋವಿನ ಚಿಕಿತ್ಸೆ ಕಟ್ಟಿದ ಲೋನಿ ಜೆಲ್ಟ್ಜರ್ ನೋವನ್ನು ಭಯ, ನಿದ್ದೆ, ಮನೆಯ ವಾತಾವರಣಗಳ ಜೊತೆಗೇ ನೋಡಬೇಕೆಂದವರು. ಹಲ್ಲು ಕಚ್ಚಿ ಸಹಿಸುವ ಮಗುವಿನ ಮುಖ ಏನನ್ನೂ ಬಿಟ್ಟುಕೊಡದು. ಹಾಗೆಂದು ಕ್ಯಾಮೆರಾ ವ್ಯರ್ಥವಲ್ಲ; ಅದರ ಮೌನಕ್ಕೆ ಅರ್ಥವಿಲ್ಲ, ನೋವಿದೆಯೆಂಬ ಕರೆಗೆ ಅರ್ಥವಿದೆ, ಅಷ್ಟೇ.

ಈ ವ್ಯತ್ಯಾಸ ಮರೆತರೆ ಅಪಾಯ. ಬಾರ್ಟ್ಲೆಟ್ ಮತ್ತು ಸಂಗಡಿಗರ 2014ರ ಅಧ್ಯಯನ ವಯಸ್ಕರ ನಟನೆಯ ನೋವನ್ನು ಹಿಡಿಯುವುದಕ್ಕೆ ಮೀಸಲಾಗಿತ್ತು: ತರಬೇತಿ ಪಡೆದ ಜನ ಶೇ. 55, ಕಂಪ್ಯೂಟರ್ ಶೇ. 85. ಒಂದೇ ವಿದ್ಯೆ, ಎರಡು ಚಾಕರಿ: ಕರೆಗಂಟೆಯಾಗುವುದು, ಇಲ್ಲವೇ ರೋಗಿಯನ್ನು ಕಟಕಟೆಗೆ ನಿಲ್ಲಿಸುವುದು. ಬಾರ್ಟ್ಲೆಟ್ ಜೊತೆಗೂಡಿ ಕಟ್ಟಿದ ಇಮೋಷಿಯೆಂಟ್ ಕಂಪನಿಯನ್ನು 2016ರಲ್ಲಿ ಆಪಲ್ ಕೊಂಡಿತು. ಈ ವಿದ್ಯೆಗೆ ಗಿರಾಕಿಗಳು ಆಸ್ಪತ್ರೆಯವರು ಮಾತ್ರವಲ್ಲ. ಮನುಷ್ಯರ ಪಕ್ಷಪಾತವನ್ನು ಯಂತ್ರ ತೊಡೆಯುತ್ತದೆ ಎನ್ನುವವರಿಗೆ 2015ರ ಇನ್ನೊಂದು ಅಧ್ಯಯನ ಉತ್ತರವಾದೀತು. ಅಮೆರಿಕದ ತುರ್ತು ವಿಭಾಗಗಳಲ್ಲಿ ಅಪೆಂಡಿಕ್ಸ್ ಉರಿಯೂತದ ತೀವ್ರ ನೋವಿದ್ದ ಕಪ್ಪು ಮಕ್ಕಳಿಗೆ ಓಪಿಯಾಯ್ಡ್ ನೋವುನಿವಾರಕ ಸಿಗುವ ಸಾಧ್ಯತೆ ಬಿಳಿಯ ಮಕ್ಕಳಿಗಿಂತ ಬಹಳ ಕಡಿಮೆಯಿತ್ತು. ಅಲ್ಲಿ ಅಳತೆಗೆ ಕೊರತೆಯಿರಲಿಲ್ಲ. ನೋವಿನ ಅಂಕ ಕಡತದಲ್ಲೇ ಇತ್ತು.